ಧಾರೆಹುಳಿ ಜ್ಯೂಸ್‌ನ ‘ಕಿಡ್ನಿ ಶುದ್ಧಿ’ ಲೇಬಲ್ ಬಗ್ಗೆ ನಾಲ್ಕನೆಯ ದೂರು

ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ,

ಮೂರು ಸಲ ಫೋನ್ ಮಾಡಿದ್ದಾಯಿತು. ಇನ್ನು ಬರವಣಿಗೆಯಲ್ಲೇ ಮಾತು.

ನಿಮ್ಮ ಧಾರೆಹುಳಿ (ಸ್ಟಾರ್ ಫ್ರೂಟ್) ಜ್ಯೂಸ್ ಬಾಟಲಿಯ ಮೇಲೆ ‘ಕಿಡ್ನಿ ಶುದ್ಧಿಗೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 300 ಮಿ.ಲೀ.’ ಎಂದಿದೆ. ಆಹಾರದ ಲೇಬಲ್‌ನಲ್ಲಿ ಔಷಧದ ಮಾತು ಬರೆಯಬಾರದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಧಾರೆಹುಳಿಯಲ್ಲಿ ಕ್ಯಾರಾಂಬಾಕ್ಸಿನ್ ಎಂಬ ನರವಿಷವಿದೆ. ಬ್ರೆಜಿಲ್‌ನ ಸಂಶೋಧಕರು 2013ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಗಟ್ಟಿ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಸೋತ ಕಿಡ್ನಿಯ ಕೈಲಿ ಆಗುವುದಿಲ್ಲ, ವಿಷ ರಕ್ತದಲ್ಲೇ ಉಳಿದು ಮಿದುಳಿಗೆ ತಾಗುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಅರ್ಧ ಹಣ್ಣೇ ಮುಳುವಾದದ್ದಿದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ವಾಂತಿ, ಮಾತು ಅಸಂಬದ್ಧವಾಗುವುದು. ಫಿಟ್ಸ್ ಶುರುವಾದರೆ ಜೀವಕ್ಕೇ ಸಂಚಕಾರ. ತಡಮಾಡದೆ ಹೀಮೋಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶೋಧಿಸುವ ಚಿಕಿತ್ಸೆ, ಮಾಡಬೇಕು. ‘ಕಿಡ್ನಿ ಶುದ್ಧಿ’ ಎಂದು ಬರೆದ ಬಾಟಲಿಯನ್ನು ಮೊದಲು ಎತ್ತಿಕೊಳ್ಳುವವರು ಯಾರು? ಕಿಡ್ನಿ ಕೆಟ್ಟವರೇ ಅಲ್ಲವೇ?

ಖಾಲಿ ಹೊಟ್ಟೆಯ ಸಲಹೆಯಂತೂ ಇನ್ನೂ ಘನವಾದದ್ದು. ಈ ಹಣ್ಣಿನ, ಅದರಲ್ಲೂ ಹುಳಿ ತಳಿಯ, ಆಕ್ಸಲೇಟ್ ಎಂಬ ಲವಣ ಊಟದ ಕ್ಯಾಲ್ಸಿಯಂ ಜೊತೆ ಕರುಳಲ್ಲೇ ಕಟ್ಟಿಕೊಂಡರೆ ಮಲದಲ್ಲಿ ಹೋಗುತ್ತದೆ. ಹೊಟ್ಟೆ ಖಾಲಿಯಿದ್ದರೆ ರಕ್ತಕ್ಕೆ ಹೀರಿಕೊಂಡು, ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಹರಳಾಗಿ ಕೂರುತ್ತದೆ. ಒಮ್ಮೆಗೇ ಹೆಚ್ಚು ಜ್ಯೂಸ್ ಕುಡಿದು, ಯಾವ ಕಾಯಿಲೆಯೂ ಇಲ್ಲದವರ ಕಿಡ್ನಿಯೂ ನಿಂತದ್ದುಂಟು.

ಇಷ್ಟನ್ನೂ ಕಳೆದ ಸೋಮವಾರ ನಿಮ್ಮ ಗ್ರಾಹಕ ಸೇವೆಗೆ ಹೇಳಿದೆ, ಹನ್ನೊಂದು ನಿಮಿಷ ನಿಮ್ಮ ಜಾಹೀರಾತಿನ ಹಾಡು ಕೇಳಿದ ಮೇಲೆ.

“ಮೇಡಂ, ಇದು ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್. ವಿಷ ಎಲ್ಲಿಂದ ಬರುತ್ತೆ?”

“ಹಣ್ಣಿನಿಂದಲೇ.”

“ಇಲ್ಲ ಮೇಡಂ, ನಾವು ಪ್ರಿಸರ್ವೇಟಿವ್ ಹಾಕಲ್ಲ.”

ಕ್ಯಾರಾಂಬಾಕ್ಸಿನ್ ಎಂದು ಮೂರು ಸಲ ಬಿಡಿಸಿ ಹೇಳಿದೆ. ಆ ಕಡೆ ಕೀಲಿಗಳ ಸದ್ದು. “ಕ್ಯಾರಂ ಬಾಕ್ಸ್ ಅಂತ ಹಾಕ್ಲಾ?” ಬಿಕ್ಕಳಿಕೆ ಬಂದವರೇನು ಮಾಡಬೇಕು ಎಂದಾಗ, “ಚೆನ್ನಾಗಿ ನೀರು ಕುಡಿಯಲಿ ಮೇಡಂ.” ಡಯಾಲಿಸಿಸ್‌ನವರಿಗೆ ನೀರನ್ನೂ ಅಳೆದು ಕೊಡುತ್ತಾರೆ ಎಂಬುದು ಆ ಹುಡುಗನಿಗೆ ಗೊತ್ತಿಲ್ಲದಿದ್ದರೆ ತಪ್ಪು ಅವನದಲ್ಲ, ಹೇಳಿಕೊಡದ ನಿಮ್ಮದು. ಸಂಜೆ ಎಸ್ಸೆಮ್ಮೆಸ್ ಬಂತು: ‘ದೂರಿನ ವಿಧ: ರುಚಿ ಹಿಡಿಸಲಿಲ್ಲ. ಪರಿಹರಿಸಲಾಗಿದೆ.’ ಜೊತೆಗೆ ಇನ್ನೊಂದು ಬಾಟಲಿಗೆ ರಿಯಾಯಿತಿ ಕೂಪನ್. ನಿಮ್ಮ ಔದಾರ್ಯ ದೊಡ್ಡದು.

ಆ ಕೂಪನ್ ನಿಮ್ಮಲ್ಲೇ ಇರಲಿ. ಮುಂಭಾಗದ ಆ ಸಾಲು ಅಳಿಸಿ, ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಕಿಡ್ನಿ ಕಾಯಿಲೆ ಇರುವವರು ಕುಡಿಯಬಾರದು’ ಎಂದು ಹಾಕಿ. ಅಂಗಡಿಗಳಲ್ಲಿರುವ ದಾಸ್ತಾನನ್ನು ವಾಪಸ್ ತರಿಸಿ. ಏಳು ದಿನ ಕೊಡುತ್ತೇನೆ. ಎಂಟನೆಯ ದಿನ ಬಾಟಲಿ, ಬಿಲ್ಲು, ಎಸ್ಸೆಮ್ಮೆಸ್ ಎಲ್ಲವೂ ಆಹಾರ ಸುರಕ್ಷತಾ ಅಧಿಕಾರಿಗಳ ಮೇಜಿನ ಮೇಲಿರುತ್ತವೆ. ನಿಮ್ಮ ಲೇಬಲ್‌ನ ಫೋಟೊ ನನಗೆ ಸಿಕ್ಕ ಪ್ರತಿ ಡಯಾಲಿಸಿಸ್ ಕೇಂದ್ರದ ಬಾಗಿಲ ಮೇಲಿರುತ್ತದೆ. ಆ ಪ್ರಚಾರಕ್ಕೆ ನಿಮ್ಮಿಂದ ದುಡ್ಡು ಕೇಳುವುದಿಲ್ಲ.

ಇತಿ,
ನಿಮ್ಮ ದಾಖಲೆಯಲ್ಲಿ ‘ರುಚಿ ಹಿಡಿಸದ ಗ್ರಾಹಕಿ’