ಬಸುರಿಯ ಊಟ ಮೆಣಸಿನಕಾಯಿ ಮಾರುಕಟ್ಟೆಗೂ ಬರಲಿ

ಬ್ಯಾಡಗಿ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದು ನಿವೃತ್ತಳಾದವಳು. ಕೂಸುಗಳನ್ನು ತೂಗಿ ತೂಗಿ ಪಳಗಿದ ಕೈ ಇದು. ತಕ್ಕಡಿಗಿಂತ ಮೊದಲೇ ತೂಕ ಹೇಳುತ್ತದೆ.

ಕಳೆದ ಬ್ಯಾಸಿಗೆಯಲ್ಲಿ ನಮ್ಮ ಓಣಿಯ ಹುಡುಗಿ ಹೆತ್ತ ಕೂಸು 1 ಕೆ.ಜಿ. 900 ಗ್ರಾಂ ಇತ್ತು. ತೊಡೆಯ ತೊಗಲು ನೆರಿಗೆ ನೆರಿಗೆ, ಮುದುಕನಂಥ ಮೋರೆ. ನಾಲ್ಕು ಸಲ ಮೊಲೆ ಚೀಪಿದರೆ ದಣಿದು ನಿದ್ದೆಗೆ ಜಾರುತ್ತಿತ್ತು. ಎರಡೂವರೆ ಕೆ.ಜಿ.ಗಿಂತ ಕೆಳಗಿದ್ದರೆ ಕಡಿಮೆ ತೂಕ ಎಂಬುದು ವೈದ್ಯರ ಲೆಕ್ಕ. ಮೈಯಲ್ಲಿ ಕೊಬ್ಬಿಲ್ಲದ ಇಂಥ ಕೂಸು ಬೇಗ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಸಣ್ಣ ಸೋಂಕಿಗೂ ಸೋಲುತ್ತದೆ. ಬಾಣಂತಿ ಮತ್ತು ಅವಳ ಅತ್ತೆ ಪಾಳಿ ಹಚ್ಚಿ ಅದನ್ನು ಬರಿಮೈಯಲ್ಲಿ ಎದೆಗವಚಿ ಸೀರೆ ಸುತ್ತಿಕೊಂಡು ಕೂತರು. ಕಾಂಗರೂ ಆರೈಕೆ ಅಂತಾರಲ್ಲ, ಅದು. "ಕೋಳಿ ಕಾವಿಗೆ ಕುಂತ್ಹಂಗ ಕುಂತೀನಿ ನೋಡವಾ" ಎಂದು ಅತ್ತೆ ನಕ್ಕಳು. ಕೂಸು ಉಳಿಯಿತು.

ಆ ಹುಡುಗಿಗೆ 19 ವರ್ಷ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8, ಅಂದರೆ ಮೈಯಲ್ಲಿ ರಕ್ತ ಕಡಿಮೆ. ಏಳು ತಿಂಗಳು ತುಂಬುವ ತನಕ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋದವಳು. ಕಿಲೋ ಲೆಕ್ಕದ ಕೂಲಿ. ಪದೇ ಪದೇ ಎದ್ದರೆ ಲುಕ್ಸಾನು ಎಂದು ನೀರೇ ಕುಡಿಯುತ್ತಿರಲಿಲ್ಲವಂತೆ. ಹಾಗೆ ತಡೆದುಕೊಂಡು ಕೂತರೆ ಮೂತ್ರದ ಸೋಂಕಾಗಬಹುದು, ಸೋಂಕು ಬಲಿತರೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಮನೆಯಲ್ಲಿ ಬೇರೆ "ಭಾಳ ಉಂಡ್ರ ಕೂಸು ದೊಡ್ಡದಾಗಿ ಹೆರಿಗಿ ತ್ರಾಸಾಗತೈತಿ" ಎಂಬ ಉಪದೇಶ. ಕಬ್ಬಿಣದ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎನ್ನುವ ಮಾತಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಇನ್ನೊಂದು ಮಾತು. ಆ ಹುಡುಗಿಯನ್ನೂ ಕೂಸಿದ್ದಾಗ ತೂಗಿದವಳು ನಾನೇ. ಅವಳೂ 2 ಕೆ.ಜಿ. 200 ಗ್ರಾಂ. ಸಣ್ಣದಾಗಿ ಹುಟ್ಟಿ, ಅರೆಹೊಟ್ಟೆಯಲ್ಲಿ ಬೆಳೆದ ಹೆಣ್ಣಿನ ಹೊಟ್ಟೆಯಲ್ಲಿ ಕೂಸೂ ಸಣ್ಣದಾಗುವ ಸಂಭವ ಹೆಚ್ಚು. ಬದುಕಿ ಉಳಿದರೆ ಮುಗಿಯಿತು ಅನ್ನುವಂತೆಯೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆ ಹಿಡಿದು, ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚು ಕಂಡಿತ್ತು.

2017ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಸರ್ಕಾರದ ಮಾತೃಪೂರ್ಣ ಯೋಜನೆ ಬಂದಾಗ ಹಿಗ್ಗಿದವರಲ್ಲಿ ನಾನೂ ಒಬ್ಬಳು. ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ, ಎಲ್ಲ ಸರಿಯೇ. ಆದರೆ ಊಟ ಮಧ್ಯಾಹ್ನ, ಅದೂ ಅಂಗನವಾಡಿಗೇ ಬಂದು ಉಣ್ಣಬೇಕು. ಆ ಹೊತ್ತಿಗೆ ನಮ್ಮ ಬಸುರಿಯರು ಟಂಟಂ ಹತ್ತಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸೇರಿರುತ್ತಾರೆ. ಜನವರಿ ಬಂತೆಂದರೆ ನನ್ನ ಹಾಜರಿ ಪುಸ್ತಕದ ತುಂಬ ಗೈರು. "ಒಂದ್ ಊಟಕ್ಕ ಒಂದ್ ದಿನದ ಪಗಾರ ಬಿಡು ಅಂದ್ರ ಹ್ಯಾಂಗ್ರಿ ಅಕ್ಕಾರ?" ಎಂದು ಕೇಳಿದವಳಿಗೆ ನನ್ನಲ್ಲಿ ಜವಾಬಿರಲಿಲ್ಲ.

ಜವಾಬು ನಿಮ್ಮಲ್ಲಿದೆ. ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ಹತ್ತಿರವೇ ಒಂದು ಮಾತೃಪೂರ್ಣ ಅಡುಗೆಮನೆ ನಡೆಯಲಿ. ಯಾವ ಊರಿನವಳೇ ಇರಲಿ, ತಾಯಿ ಕಾರ್ಡು ತೋರಿಸಿದರೆ ಊಟ ಸಿಗಬೇಕು. ಗುಳಿಗೆಯನ್ನು ಅಲ್ಲೇ ನುಂಗಿಸಲಿ, ತಿಂಗಳಿಗೊಮ್ಮೆ ರಕ್ತವನ್ನೂ ಅಲ್ಲೇ ನೋಡಲಿ. ಕಟ್ಟಡಕ್ಕೆ ನಿಮ್ಮ ಪ್ರದೇಶಾಭಿವೃದ್ಧಿ ನಿಧಿ ಇದೆ. ಆಹಾರ ಧಾನ್ಯ ಹೇಗೂ ಇಲಾಖೆಯದು. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಇದೊಂದು ವಿಷಯ ಎತ್ತಿ.

ಅದಕ್ಕೂ ಮೊದಲು, ಸೋಮವಾರ ಇಲ್ಲವೇ ಗುರುವಾರ, ಮಾರುಕಟ್ಟೆಯ ದಿನ, ಒಂದು ಗಂಟೆಗೆ ಬನ್ನಿ. ಬುತ್ತಿ ಬಿಚ್ಚುವ ಹೊತ್ತದು. ಬಸುರಿಯರ ಬುತ್ತಿಯಲ್ಲಿ ರೊಟ್ಟಿಯ ಜೊತೆ ಏನಿದೆ ಎಂದು ನೀವೇ ನೋಡಿ. ನಾನೂ ಅಲ್ಲಿರುತ್ತೇನೆ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ