ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೆ ಸಾಕು, ಫೋನ್ ಬರುತ್ತದೆ. 'ಲ್ಯಾಬಿನ ಕಂಪ್ಯೂಟರ್ ಎಲ್ಲಾ ಹೋಗಿಬಿಟ್ಟಿವೆ. ಗುಜರಿಗೆ ಎಷ್ಟಕ್ಕೆ ತಗೋತೀರಿ?' ಹೋಗಿ ನೋಡಿದರೆ ಜಾಸ್ತಿ ಯಂತ್ರಗಳಿಗೆ ಅಂಥದ್ದೇನೂ ಆಗಿರುವುದಿಲ್ಲ.

ಒಂದು ಹಳ್ಳಿ ಶಾಲೆಯದ್ದು ಹೇಳುತ್ತೇನೆ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಒಳಗಿಂದ ಬೀಪ್ ಬೀಪ್ ಸದ್ದು, ಪರದೆ ಮಾತ್ರ ಕಪ್ಪು. ವೈರ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ನಡೆಯುತ್ತಿರುವ ಕೆಲಸವನ್ನು ನೆನಪಿಟ್ಟುಕೊಳ್ಳುವ ಪಟ್ಟಿ, ಅಂದರೆ ರ್‍ಯಾಮ್ ಹೊರತೆಗೆದೆ. ಅದರ ಬಂಗಾರದ ಬಣ್ಣದ ಹಲ್ಲುಗಳಿಗೆ ಮಸಿ ಹಿಡಿದಿತ್ತು. ಒಬ್ಬ ಹುಡುಗಿಯ ಹತ್ತಿರ ರಬ್ಬರ್ ಇಸ್ಕೊಂಡು ಉಜ್ಜಿದೆ, ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಚಾಲೂ ಆಯಿತು. ಪಕ್ಕದ್ದರಲ್ಲಿ ಇಂಟರ್‌ನೆಟ್ ಇದ್ದರೂ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ತಾರೀಖು ನೋಡಿದರೆ ಎಷ್ಟೋ ವರ್ಷ ಹಿಂದಿನದು! ತಾರೀಖು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ಎಲ್ಲ ಭಾಗ ಕೂಡಿಸುವ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ರಜೆಯಿಡೀ ಪ್ಲಗ್ ಕಿತ್ತಿಟ್ಟರೆ ಹಳೇ ಬ್ಯಾಟರಿ ಬೇಗ ಮುಗಿಯುತ್ತದೆ. 50 ರೂಪಾಯಿ ಒಳಗೆ ಹೊಸದು ಸಿಗುತ್ತದೆ.

ನಮ್ಮ ಕಡೆ ದೊಡ್ಡ ಶತ್ರು ಧೂಳು. ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಲೋಹದ ಹೀಟ್ ಸಿಂಕ್‌ನ ಸಂದುಗಳಲ್ಲಿ ಅದು ಹತ್ತಿಯಂತೆ ಗಟ್ಟಿಯಾಗಿ ಕೂತರೆ ಗಾಳಿ ಆಡುವುದಿಲ್ಲ. ಹೊರಗೇ 40 ಡಿಗ್ರಿ ದಾಟಿರುತ್ತದೆ, ಇನ್ನು ಒಳಗೆ ಕೇಳಬೇಕಾ? ಪ್ರೊಸೆಸರ್ ಸುಡಬಾರದೆಂದು ಯಂತ್ರ ತಾನೇ ಆಫ್ ಆಗುತ್ತದೆ. ಅಷ್ಟಕ್ಕೇ 'ಕೆಟ್ಟಿದೆ' ಅಂತ ಚೀಟಿ ಅಂಟಿಸುತ್ತಾರೆ.

ಶಿಕ್ಷಣ ಇಲಾಖೆ ಏಪ್ರಿಲ್ ರಜೆಗೆ ಮುಂಚೆ ಪ್ರತಿ ಲ್ಯಾಬಿಗೂ ಒಮ್ಮೆ ಧೂಳು ತೆಗೆಸಲಿ. ಅದನ್ನು ಬಾಗಿಲು ಹಾಕಿಕೊಂಡು ಮಾಡುವುದು ಬೇಡ, ಮಕ್ಕಳ ಎದುರಿಗೇ ಆಗಲಿ. ಇನ್‌ಪುಟ್, ಔಟ್‌ಪುಟ್ ಅಂತ ಬಾಯಿಪಾಠ ಮಾಡಿ ಅಂಕ ತೆಗೆಯುವ ಮಕ್ಕಳು ಫೈಲುಗಳನ್ನು ಉಳಿಸಿಡುವ ಹಾರ್ಡ್ ಡಿಸ್ಕ್ ಮುಟ್ಟಿಯೇ ಇರುವುದಿಲ್ಲ. ನಿಜವಾಗಿ ಕೆಟ್ಟದ್ದು ಒಂದು ಸಿಕ್ಕರೆ ಬಿಚ್ಚಿ ತೋರಿಸಿ. ಒಳಗಿನ ಫಳಫಳ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು ಅಂದರೆ ಯಾವ ಹುಡುಗ ಸುಮ್ನೆ ಕೂರುತ್ತಾನೆ?

ಒಂದು ಎಚ್ಚರಿಕೆ. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಉಳಿದದ್ದಕ್ಕೆ ಸ್ಕ್ರೂಡ್ರೈವರ್, ಬ್ರಷ್ ಸಾಕು. ಶಾಲೆಯವರು ಕರೆದರೆ ಭಾನುವಾರ ಪುಕ್ಕಟೆ ಬರಲು ನಾನಂತೂ ತಯಾರಿದ್ದೇನೆ.

– ಒಬ್ಬ ಕಂಪ್ಯೂಟರ್ ರಿಪೇರಿಗಾರ, ರಾಯಚೂರು