ಕಾನು ಉಳಿಯಲು ಪಂಚಾಯಿತಿಯ ಸಮಿತಿ ಕೆಲಸ ಮಾಡಲಿ

ಮಾನ್ಯ ಸಂಪಾದಕರೇ,

ಸೊರಬ, ಸಾಗರ, ಸಿದ್ದಾಪುರ ತಾಲ್ಲೂಕುಗಳಲ್ಲಿ ಊರಿಗೆ ಹೊಂದಿಕೊಂಡಿರುವ ಕಾನುಗಳನ್ನು, ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡುಗಳನ್ನು, ಕಾಯುವುದು ಅರಣ್ಯ ಇಲಾಖೆಗೆ ಮಾತ್ರ ಸೇರಿದ ಕೆಲಸವೆಂದು ನಾವು ಸುಮ್ಮನಿದ್ದೇವೆ. ಆದರೆ 2002ರ ಜೀವವೈವಿಧ್ಯ ಕಾಯ್ದೆ ಈ ಕೆಲಸದಲ್ಲಿ ಗ್ರಾಮ ಪಂಚಾಯಿತಿಗೂ ಸ್ಪಷ್ಟವಾದ ಪಾಲು ಕೊಟ್ಟಿದೆ. ಅದರಂತೆ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು, ಆ ಸಮಿತಿಯು ಊರಿನವರನ್ನು ಕೂಡಿಸಿಕೊಂಡು ತನ್ನ ವ್ಯಾಪ್ತಿಯ ಗಿಡಮರ, ಪ್ರಾಣಿಪಕ್ಷಿ, ಜಲಮೂಲ ಮತ್ತು ಅವುಗಳ ಕುರಿತ ಜನರ ತಿಳಿವಳಿಕೆಯನ್ನೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಈ ದಾಖಲಾತಿ ಕಚೇರಿಯ ಕಪಾಟಿನಲ್ಲೇ ಉಳಿದರೆ ಅದರಿಂದ ಒಂದು ಮರವೂ ಉಳಿಯದು.

ಸೊರಬದ ಕಡೆ ಸುತ್ತಲೂ ಎಲೆ ಉದುರುವ ಕಾಡು, ಬ್ಯಾಣ (ಹುಲ್ಲುಗಾವಲು), ಗದ್ದೆಗಳಿದ್ದರೂ ಕಾನು ಮಾತ್ರ ಕಡುಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಉಪ್ಪಾಗೆ, ಮುರುಗಲು, ವಾಟೆ, ಬೈನೆ, ಕಾಡುಮೆಣಸು ಬೆಳೆಯುವ ಈ ನೆರಳಿನಲ್ಲಿ ಇಂಗಿದ ನೀರೇ ಕೆಳಗಿನ ಹಳ್ಳ, ಕೆರೆ, ತೋಟಗಳಿಗೆ ಆಧಾರ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜವುಗು ಕಾಡುಗಳು ಇವೆ. ಅಲ್ಲಿನ ಗೇರು ಕುಟುಂಬದ ಒಂದು ಮರವು ಹೊಸ ಪ್ರಭೇದವೆಂದು ಸಸ್ಯಶಾಸ್ತ್ರದಲ್ಲಿ ದಾಖಲಾದದ್ದು 2000ನೇ ಇಸವಿಯಷ್ಟು ಈಚೆಗೆ. ಹೆದ್ದಾರಿ ಹಾದುಹೋಗುವ ಕಾಡಿನಲ್ಲೇ ಹೀಗಿದ್ದರೆ, ಯಾರೂ ಕೂತು ಪಟ್ಟಿ ಮಾಡದ ನಮ್ಮ ಊರಿನ ಕಾನುಗಳಲ್ಲಿ ಏನೇನಿದೆಯೋ!

ಕಾನು ಒಮ್ಮೆಲೇ ಕಣ್ಮರೆಯಾಗುವುದಿಲ್ಲ. ಮೊದಲು ಅಂಚಿನ ಮರಗಳ ಸೊಪ್ಪು ಬೋಳಾಗುತ್ತದೆ, ಬಳಿಕ ಬುಡದ ಗಿಡಗಂಟಿ ಸವರಲಾಗುತ್ತದೆ, ಬೇಸಿಗೆಯಲ್ಲಿ ದರಕಿಗೆ (ಉದುರಿದ ಒಣ ಎಲೆಗೆ) ಬೆಂಕಿ ತಗಲುತ್ತದೆ, ಬಿಸಿಲು ಬಿದ್ದ ಆ ಜಾಗದಲ್ಲಿ ಮುಂದಿನ ವರ್ಷ ಶುಂಠಿಯೋ ಅಡಿಕೆ ಸಸಿಯೋ ಕಾಣಿಸಿಕೊಂಡು, ಕೊನೆಗೆ ಬೇಲಿ ಏಳುತ್ತದೆ. ಹಲವು ಕಾನುಗಳು ಕಂದಾಯ ಭೂಮಿಯಲ್ಲಿರುವುದರಿಂದ ಎರಡು ಇಲಾಖೆಗಳ ನಡುವೆ ಕೇಳುವವರೇ ಇಲ್ಲದಂತಾಗುತ್ತದೆ. ಒಡೆತನ ಯಾರದೇ ಇದ್ದರೂ ಅರಣ್ಯದ ಲಕ್ಷಣವಿರುವ ಭೂಮಿ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಹೇಳಿದ್ದನ್ನು ಇಲ್ಲಿ ನೆನೆಯಬೇಕು.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ದಾಖಲಾತಿಯನ್ನು ತರಿಸಿ ಎಲ್ಲರೆದುರು ಓದಿಸಬೇಕೆಂದು ಓದುಗರು ಕೇಳಬೇಕು. ಊರಿನ ಪ್ರತಿ ಕಾನೂ ಸರ್ವೆ ನಂಬರಿನ ಸಮೇತ ಅದರಲ್ಲಿ ಸೇರಿದೆಯೇ ಎಂದು ನೋಡಿ, ಸೇರಿಲ್ಲದಿದ್ದರೆ ಬರೆಸಬೇಕು, ಗಡಿ ಅಳೆದು ಕಲ್ಲು ನೆಡಲು ತಹಶೀಲ್ದಾರರಿಗೆ ಪಂಚಾಯಿತಿಯ ನಿರ್ಣಯವನ್ನೇ ಕಳುಹಿಸಬೇಕು. ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವ ಹೆಣ್ಣುಮಕ್ಕಳಿಗೆ ಯಾವ ಮರ ಎಲ್ಲಿದೆ, ಯಾವ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದು ಚೆನ್ನಾಗಿ ಗೊತ್ತು. ಸಮಿತಿಯಲ್ಲಿ ಅವರ ಹೆಸರಷ್ಟೇ ಇದ್ದರೆ ಸಾಲದು, ಅವರ ಮಾತೂ ಬರಹಕ್ಕೆ ಬರಬೇಕು. ವಿಶೇಷವಾದ ಕಾನುಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವಂತೆ ಸರ್ಕಾರವನ್ನು ಕೋರಲೂ ಅವಕಾಶವಿದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ, ನಮ್ಮ ಜಿಲ್ಲೆಯದೇ ಆದ ಅಂಬಾರಗುಡ್ಡ 2011ರಲ್ಲಿ ಹೀಗೆ ಘೋಷಣೆಯಾದವು.

ಇದಲ್ಲದೆ ನಾವೇ ಮಾಡಬಹುದಾದ ಕೆಲಸಗಳೂ ಇವೆ. ಬೇಸಿಗೆಗೆ ಮುನ್ನ ಕಾನಿನ ಸುತ್ತ ದರಕು ಗುಡಿಸಿ ಬೆಂಕಿ ರೇಖೆ ಮಾಡಲು ಮನೆಗೊಬ್ಬರು ಹೋದರೂ ಸಾಕು. ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಕಡಿದು ಉಪ್ಪಾಗೆ ಇಳಿಸುವುದನ್ನು ಊರಿನವರೇ ಕೂತು ನಿಲ್ಲಿಸಬೇಕು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದಾಗ ಅವರ ಕೈಯಲ್ಲಿ ಇಂಥ ಕಾಯ್ದೆಯಾಗಲಿ ಸಮಿತಿಯಾಗಲಿ ಇರಲಿಲ್ಲ. ನಮಗೆ ಎರಡೂ ಇರುವಾಗ, ಜಿಲ್ಲಾ ಪಂಚಾಯಿತಿಯು ಪ್ರತಿ ಸಮಿತಿಯ ಸಭೆಯ ನಡಾವಳಿಯನ್ನು ತರಿಸಿಕೊಂಡು ಪರಿಶೀಲಿಸಬೇಕೆಂದೂ, ಈ ಬೇಸಿಗೆ ಆರಂಭವಾಗುವ ಮೊದಲೇ ಕಾನುಗಳ ಗಡಿ ಗುರುತಿಸುವ ಕೆಲಸಕ್ಕೆ ಆದೇಶ ನೀಡಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ಓದುಗ, ಸೊರಬ ತಾಲ್ಲೂಕು, ಶಿವಮೊಗ್ಗ ಜಿಲ್ಲೆ